ಕೂಸಿಗೊಂದು ಹೆಸರು



ಮಠಕ್ಕೆ ಬರುವ ಭಕ್ತರು ಕೇಳುವ ಪ್ರಶ್ನೆಗಳು ಬಹಳವೇನೂ ಇಲ್ಲ. ಮಳೆ ಎಂದು ಬಂದೀತು? ಮಗಳಿಗೆ ವರ ಎಂದು ಕೂಡಿಬಂದೀತು? ಮಗನಿಗೆ ನೌಕರಿ ಎಂದು ಹತ್ತೀತು? ಈ ಮೂರಕ್ಕೆ ಉತ್ತರ ನಮ್ಮ ಕೈಯಲ್ಲಿಲ್ಲ. ನಾಲ್ಕನೆಯ ಪ್ರಶ್ನೆಯೊಂದಿದೆ: ಕೂಸಿಗೆ ಏನು ಹೆಸರಿಡೋಣ? ಇದಕ್ಕೆ ಮಾತ್ರ ಎರಡು ಮಾತು ಹೇಳಬಹುದು. ಆದರೆ ಈಗ ಆ ಪ್ರಶ್ನೆಯೂ ಬದಲಾಗಿದೆ. ಹಿಂದೆ, "ಅಪ್ಪಾವರ, ಕೂಸಿಗೆ ಒಂದು ಹೆಸರು ಹೇಳ್ರಿ" ಎನ್ನುತ್ತಿದ್ದರು. ಈಗಿನವರು, "ಅಪ್ಪಾವರ, ನನ್ನ ಹೆಸರಿನ್ಯಾಗಿಂದ ಎರಡಕ್ಷರ, ಇವಳ ಹೆಸರಿನ್ಯಾಗಿಂದ ಎರಡಕ್ಷರ ಕೂಡಿಸಿ ಒಂದು ಹೊಸಾ ಹೆಸರು ಮಾಡೇವ್ರಿ, ಹೆಂಗೈತ್ರಿ?" ಎನ್ನುತ್ತಾರೆ. ಮಗ್ಗುಲಲ್ಲಿ ಕುಳಿತ ಅಜ್ಜಿ ಮುಖ ತಿರುಗಿಸಿರುತ್ತಾಳೆ. ಅಜ್ಜ ಸುಮ್ಮನೆ ನೆಲ ನೋಡುತ್ತಿರುತ್ತಾನೆ. ಇದು ಒಂದು ಮನೆಯ ಮಾತಲ್ಲ, ಇಂದು ಊರೂರಿನ ಮಾತಾಗಿದೆ. ಆದುದರಿಂದ ಈ ಹೊತ್ತು ಇದನ್ನೇ ಚಿಂತಿಸೋಣ.

ಮೊದಲು ಹಿರಿಯರ ಪದ್ಧತಿ ನೋಡಿರಿ. ಅಜ್ಜನ ಹೆಸರು ಮೊಮ್ಮಗನಿಗೆ, ಅಜ್ಜಿಯ ಹೆಸರು ಮೊಮ್ಮಗಳಿಗೆ. ಹೆಸರು ಹುಡುಕುವ ಕೆಲಸವೇ ಇರಲಿಲ್ಲ, ಅದು ಮನೆಯಲ್ಲಿಯೇ ಇರುತ್ತಿತ್ತು. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆಯು ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುವಳು. ನೆರೆದ ಹೆಣ್ಣುಮಕ್ಕಳು ಅವಳ ಬೆನ್ನಿಗೆ ಗುದ್ದಿ ನಗುವರು. ಎಷ್ಟು ಚೆಂದದ ಪದ್ಧತಿ! ಗತಿಸಿದ ಹಿರಿಯನನ್ನು ಮನೆ ಮರೆಯಲಿಲ್ಲ. ದಿನಕ್ಕೆ ಹತ್ತು ಸಾರಿ ಅವನ ಹೆಸರು ಅಂಗಳದಲ್ಲಿ ಕೇಳುತ್ತಲೇ ಇತ್ತು.

ಆದರೆ ಆ ಪದ್ಧತಿಯಲ್ಲಿಯೂ ಒಂದು ಬಿಗಿ ಇತ್ತು. ಸೊಸೆಯಾದವಳು ಮಾವನ ಹೆಸರು ಹೇಳಬಾರದು. ಮಗನಿಗೆ ಮಾವನ ಹೆಸರನ್ನೇ ಇಟ್ಟ ಮೇಲೆ ಅವಳು ತಾನು ಹೆತ್ತ ಮಗನನ್ನು ಹೆಸರು ಹಿಡಿದು ಕರೆಯುವಂತಿಲ್ಲ! 'ಅಪ್ಪೂ' ಎಂದೋ 'ಮುತ್ತ್ಯಾ' ಎಂದೋ ಕರೆಯಬೇಕು. ಹೊತ್ತವಳು ಅವಳು, ಹೆತ್ತವಳು ಅವಳು, ಕರೆಯುವ ಹಕ್ಕು ಮಾತ್ರ ಅವಳಿಗಿಲ್ಲ. ಇನ್ನು ಪೂರ್ತಿ ಹೆಸರು ಬರೆಯುವಾಗ ನೋಡಿರಿ. ಮಗುವಿನ ಹೆಸರು, ಅದರ ಬೆನ್ನಿಗೆ ತಂದೆಯ ಹೆಸರು, ಕೊನೆಗೆ ಪಾಟೀಲ, ಅಂಗಡಿ, ಹಿರೇಮಠ ಎಂಬ ಅಡ್ಡಹೆಸರು. ಇದರಲ್ಲಿ ತಾಯಿ ಎಲ್ಲಿದ್ದಾಳೆ? ಒಂಬತ್ತು ತಿಂಗಳು ಹೊತ್ತವಳಿಗೆ ಒಂಬತ್ತು ಅಕ್ಷರದ ಜಾಗವೂ ಇಲ್ಲ. ನೆರೆಯ ಮಹಾರಾಷ್ಟ್ರದಲ್ಲಿ ಸರಕಾರವೇ ಈಗ ಇದನ್ನು ಗಮನಿಸಿದೆ. 2024ರ ಮೇ 1ರಿಂದ ಈಚೆಗೆ ಹುಟ್ಟಿದ ಮಕ್ಕಳ ಹೆಸರನ್ನು ಸರಕಾರಿ ದಾಖಲೆಗಳಲ್ಲಿ ಮಗು, ತಾಯಿ, ತಂದೆ, ಅಡ್ಡಹೆಸರು ಎಂಬ ಕ್ರಮದಲ್ಲಿ ಬರೆಯಬೇಕೆಂದು ಅಲ್ಲಿ ಗೊತ್ತುಪಡಿಸಿದ್ದಾರೆ.

ಆದುದರಿಂದ ಹಿರಿಯರಿಗೆ ನಮ್ಮದೊಂದು ವಿನಂತಿ. ಮಗನೂ ಸೊಸೆಯೂ ಕೂಡಿ ಕುಳಿತು ಇಬ್ಬರ ಹೆಸರನ್ನೂ ಬೆರೆಸಿ ಕೂಸಿಗೆ ಹೆಸರು ಮಾಡುತ್ತಾರೆಂದರೆ ಕೂಡಲೇ ಸಿಟ್ಟಾಗಬೇಡಿರಿ. ಅದರಲ್ಲಿ ಒಂದು ಒಳ್ಳೆಯ ಭಾವವಿದೆ. 'ಈ ಕೂಸು ನನ್ನದೊಬ್ಬನದಲ್ಲ, ಇವಳದೂ ಹೌದು' ಎಂದು ಗಂಡನಾದವನು ಒಪ್ಪಿದ್ದಾನೆ. ನಮ್ಮ ಅಜ್ಜಂದಿರ ಕಾಲದಲ್ಲಿ ಈ ಮಾತು ಸುಲಭವಾಗಿ ಹೊರಡುತ್ತಿರಲಿಲ್ಲ.

ಬೆರೆಸುವುದು ಹೊಸದೆಂದೂ ತಿಳಿಯಬೇಡಿರಿ. ಶಿವಮೊಗ್ಗ ಜಿಲ್ಲೆಯ ಕೂಡಲಿಗೆ ಹೋಗಿರಿ. ಅತ್ತಣಿಂದ ತುಂಗೆ ಬರುತ್ತಾಳೆ, ಇತ್ತಣಿಂದ ಭದ್ರೆ ಬರುತ್ತಾಳೆ. ಕೂಡಿದ ಮೇಲೆ ಜನ ಏನೆಂದರು? ತುಂಗಭದ್ರೆ ಎಂದರು. ಅವಳನ್ನೂ ಬಿಡಲಿಲ್ಲ, ಇವಳನ್ನೂ ಬಿಡಲಿಲ್ಲ. ನಮ್ಮ ಮನೆಗಳ ಹೆಸರುಗಳೂ ಹೀಗೆಯೇ. ಶಿವಲಿಂಗ, ಗುರುಬಸವ, ಚೆನ್ನಮಲ್ಲ, ಸಿದ್ಧಲಿಂಗ, ಇವೆಲ್ಲ ಎರಡು ಮಾತು ಕೂಡಿ ಆದವು. ಹರಿಯೂ ಹರನೂ ಕೂಡಿ ಹರಿಹರನಾದರು. ಆ ಹೆಸರಿನ ಊರೇ ನಮ್ಮ ನಾಡಿನಲ್ಲಿದೆ. ಅಲ್ಲಿಯ ಹರಿಹರೇಶ್ವರನ ಗುಡಿಯನ್ನು ಹೊಯ್ಸಳರ ಕಾಲದಲ್ಲಿ, 1224ರ ಸುಮಾರಿಗೆ ಕಟ್ಟಿದರು. ಇನ್ನು ಶಿವಪ್ಪ ಎಂಬ ಹೆಸರು ನೋಡಿರಿ. ಶಿವ ಎಂಬುದು ಸಂಸ್ಕೃತದ ಮಾತು, ಅಪ್ಪ ಎಂಬುದು ಅಚ್ಚ ಕನ್ನಡದ್ದು. ದೊಡ್ಡ ದೇವರ ಹೆಸರಿಗೆ ಅಡುಗೆಮನೆಯ ಪ್ರೀತಿಯ ಮಾತನ್ನು ಬೆಸೆದರು. ಎರಡು ಭಾಷೆಗಳು ಜಗಳವಾಡಲಿಲ್ಲ.

ಹೊರದೇಶಗಳಲ್ಲಿಯೂ ಇದುಂಟು. ಐರ್ಲೆಂಡಿನಲ್ಲಿ ಜೊನಾಥನ್ ಸ್ವಿಫ್ಟ್ ಎಂಬ ಪಾದ್ರಿ ಒಬ್ಬ ದೊಡ್ಡ ಲೇಖಕ. ಅವನಿಗೆ ಎಸ್ತರ್ ವ್ಯಾನ್‌ಹೋಮ್ರಿ ಎಂಬ ಗೆಳತಿಯಿದ್ದಳು. ಅವಳ ಮನೆತನದ ಹೆಸರಿನ 'ವ್ಯಾನ್' ತೆಗೆದುಕೊಂಡು, ಎಸ್ತರ್ ಎಂಬುದರ ಮುದ್ದುರೂಪವನ್ನು ಅದಕ್ಕೆ ಸೇರಿಸಿ 'ವೆನೆಸ್ಸಾ' ಎಂದು ಒಂದು ಹೆಸರು ಮಾಡಿದ. ಆ ಹೆಸರಿದ್ದ ಅವನ ಕವಿತೆ 1726ರಲ್ಲಿ ಅಚ್ಚಾಯಿತು. ಅಲ್ಲಿಯವರೆಗೆ ಯಾರಿಗೂ ಇಲ್ಲದಿದ್ದ ಹೆಸರು ಇಂದು ಎಷ್ಟೋ ದೇಶಗಳ ಹೆಣ್ಣುಮಕ್ಕಳಿಗಿದೆ. ಫಿಲಿಪೀನ್ಸ್ ದೇಶದಲ್ಲಿ ಲುಜಾನ್, ವಿಸಾಯಸ್, ಮಿಂಡನಾವೊ ಎಂಬ ಮೂರು ದ್ವೀಪಭಾಗಗಳ ಮೊದಲ ಅಕ್ಷರಗಳನ್ನು ಕೂಡಿಸಿ 'ಲುಜ್‌ವಿಮಿಂಡಾ' ಎಂದು ಹೆಣ್ಣುಮಕ್ಕಳಿಗೆ ಹೆಸರಿಟ್ಟರು. ರಷ್ಯಾದಲ್ಲಿ 1917ರ ಕ್ರಾಂತಿಯ ತರುವಾಯ ವ್ಲಾಡಿಮಿರ್ ಲೆನಿನ್ ಎಂಬ ಎರಡು ಮಾತು ಕತ್ತರಿಸಿ 'ವ್ಲಾಡ್ಲೆನ್' ಎಂದು ಗಂಡುಮಕ್ಕಳಿಗೆ ಇಟ್ಟರು. 1991ರಲ್ಲಿ ಆ ಸೋವಿಯತ್ ರಾಜ್ಯವೇ ಮುಗಿಯಿತು. ಹೆಸರು ಹೊತ್ತ ಮನುಷ್ಯರು ಮಾತ್ರ ಉಳಿದರು. ಅಧಿಕಾರಕ್ಕೆ ಮೆಚ್ಚಿ ಇಟ್ಟ ಹೆಸರಿನ ಗತಿ ಹೀಗೆ, ಪ್ರೀತಿಗೆ ಇಟ್ಟ ಹೆಸರಿನ ಗತಿ ಹಾಗೆ!

ಹಾಗಾದರೆ ಹೇಗೆ ಬೇಕಾದರೂ ಬೆರೆಸಬಹುದೇ? ಅದಕ್ಕೂ ಒಂದು ಹದವಿದೆ. ಒಂಬತ್ತನೆಯ ಶತಮಾನದ ನಮ್ಮ ಕವಿರಾಜಮಾರ್ಗವು ಒಗ್ಗದ ಮಾತುಗಳನ್ನು ಕೂಡಿಸುವುದನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದುದಕ್ಕೆ ಹೋಲಿಸಿದೆ. ಹಾಲೂ ಒಳ್ಳೆಯದು, ಮಜ್ಜಿಗೆಯೂ ಒಳ್ಳೆಯದು. ಕೂಡಿಸುವ ಹೊತ್ತು ತಪ್ಪಿತು, ಒಡೆದುಹೋಯಿತು.

ಒಂದು ಉದಾಹರಣೆ ತೆಗೆದುಕೊಳ್ಳಿರಿ. ತಂದೆಯ ಹೆಸರು ಮಂಜುನಾಥ, ತಾಯಿಯ ಹೆಸರು ಗಂಗಾ ಎಂದಿರಲಿ. ಅವನ ಮೊದಲಿನ 'ಮಂ', ಇವಳ ಕೊನೆಯ 'ಗಾ' ಕೂಡಿಸಿದರೆ ಏನಾಯಿತು? ಮಂಗಾ ಆಯಿತು! ಶಾಲೆಯಲ್ಲಿ ಹುಡುಗರು ಸುಮ್ಮನೆ ಬಿಟ್ಟಾರೆಯೇ? ಅದೇ ಎರಡು ಹೆಸರುಗಳನ್ನು ತಾಳ್ಮೆಯಿಂದ ನೋಡಿರಿ. ತಾಯಿಯ ಗಂಗಾ, ತಂದೆಯ ನಾಥ. ಗಂಗಾನಾಥ! ಗಂಗೆಯನ್ನು ತಲೆಯಲ್ಲಿ ಹೊತ್ತ ಶಿವನ ಹೆಸರೇ ಬಂತು. ಇನ್ನೊಂದು ಮನೆಯಲ್ಲಿ ತಂದೆ ನಾಗರಾಜ, ತಾಯಿ ರತ್ನಾ. ಒಂದೊಂದೇ ಅಕ್ಷರ ಕಿತ್ತರೆ 'ನಾರ' ಎಂದಾಗುತ್ತದೆ. ಹಗ್ಗದ ನಾರೋ, ಮೂಗು ಮುಚ್ಚಿಕೊಳ್ಳುವ ನಾತವೋ ತಿಳಿಯದು. ಕೀಳುವ ಬದಲು ಕೂಡಿಸಿದರೆ ನಾಗರತ್ನಾ ಎಂದಾಗುತ್ತದೆ. ಅಜ್ಜಿಗೂ ಗೊತ್ತಿರುವ ಹೆಸರು! ಬಸವರಾಜ ಮತ್ತು ಸುಜಾತಾ ಅವರ ಮಗ ಸುರಾಜ ಆಗಬಹುದು. ಒಳ್ಳೆಯ ಅರಸು ಎಂದು ಅರ್ಥ. ಕೂಸು ಒಂದೇ, ತಂದೆತಾಯಿ ಅವರೇ, ಅಕ್ಷರಗಳೂ ಅವೇ. ಕತ್ತರಿ ಹಿಡಿದವನಿಗೂ ಸೂಜಿ ಹಿಡಿದವನಿಗೂ ಇರುವ ಅಂತರ ಇಷ್ಟು.

ಇನ್ನೊಂದು ಎಚ್ಚರಿಕೆ. ಈಗಿನವರು ಇಬ್ಬರ ಹೆಸರನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಬೆರೆಸುತ್ತಾರೆ. ಇಂಗ್ಲಿಷಿನಲ್ಲಿ ನಮ್ಮ ಲ, ಳ ಎರಡಕ್ಕೂ ಒಂದೇ ಅಕ್ಷರ. ನ, ಣ ಎರಡಕ್ಕೂ ಒಂದೇ. ದ, ಡ ಎರಡಕ್ಕೂ ಒಂದೇ. ಅಲ್ಲಿ ಚೆಂದವಾಗಿ ಕಂಡ ಹೆಸರು ಕನ್ನಡಕ್ಕೆ ಬಂದಾಗ ಏನೆಂದು ಓದಬೇಕೋ ತಿಳಿಯುವುದಿಲ್ಲ. ಅಜ್ಜಿ ಒಂದು ರೀತಿ ಕರೆಯುತ್ತಾಳೆ, ಶಿಕ್ಷಕರು ಒಂದು ರೀತಿ ಕರೆಯುತ್ತಾರೆ, ಆಸ್ಪತ್ರೆಯಲ್ಲಿ ಮೂರನೆಯ ರೀತಿ ಕೂಗುತ್ತಾರೆ. ಮಗು ಯಾವುದಕ್ಕೆ 'ಓ' ಎನ್ನಬೇಕು? ಕಾಗದದ ಮೇಲೆ ಹೆಸರು ಮಾಡಬೇಡಿರಿ. ಹೆಸರು ಇರುವುದು ಕರೆಯುವುದಕ್ಕೆ. ಹಿತ್ತಲಲ್ಲಿ ನಿಂತು ಅಂಗಳದ ಕಡೆಗೆ ಒಮ್ಮೆ ಗಟ್ಟಿಯಾಗಿ ಕೂಗಿ ನೋಡಿರಿ. ಹಲ್ಲಿಲ್ಲದ ಮುತ್ತಜ್ಜಿಯ ಬಾಯಿಂದ ಒಮ್ಮೆ ಹೇಳಿಸಿ ನೋಡಿರಿ. ಎರಡರಲ್ಲಿಯೂ ತೇರ್ಗಡೆಯಾದರೆ ಆ ಹೆಸರು ಬಾಳುತ್ತದೆ.

ವ್ಯವಹಾರದ ಮಾತನ್ನೂ ಹೇಳಿಬಿಡುತ್ತೇವೆ. 1969ರ ಜನನ ಮರಣ ನೋಂದಣಿ ಕಾಯಿದೆಯ ಮೇರೆಗೆ ಕೂಸು ಹುಟ್ಟಿದ 21 ದಿನಗಳ ಒಳಗೆ ಬರೆಸಬೇಕು. ಹೆಸರು ಗೊತ್ತಾಗಿರದಿದ್ದರೂ ಜನನವನ್ನು ಬರೆಸಬಹುದು. ಹೆಸರನ್ನು 12 ತಿಂಗಳ ಒಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅದು ತಪ್ಪಿದರೆ 15 ವರ್ಷಗಳವರೆಗೂ ಶುಲ್ಕ ಕೊಟ್ಟು ಸೇರಿಸಲು ಅವಕಾಶವಿದೆ. ಆದುದರಿಂದ ಅವಸರ ಮಾಡಬೇಡಿರಿ, ಜಗಳವಿದ್ದರೆ ಮುಗಿಸಿಕೊಂಡು ಬರೆಸಿರಿ. 2023ರಲ್ಲಿ ಈ ಕಾಯಿದೆಗೆ ತಿದ್ದುಪಡಿಯಾಗಿದೆ. ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರುವುದರಿಂದ ಹಿಡಿದು ಮತದಾರರ ಪಟ್ಟಿಯವರೆಗೆ, ಮದುವೆಯ ನೋಂದಣಿಯವರೆಗೆ ಜನನ ಪ್ರಮಾಣಪತ್ರವೇ ಆಧಾರ. ತೊಟ್ಟಿಲಲ್ಲಿ ಒಂದು ಹೆಸರು, ದಾಖಲೆಯಲ್ಲಿ ಇನ್ನೊಂದು ಮಾಡಿ ಮಗುವನ್ನು ಮುಂದೆ ಕಚೇರಿಯಿಂದ ಕಚೇರಿಗೆ ಅಲೆಸಬೇಡಿರಿ.

ಇರಲಿ, ಇದು ಹೊರಗಿನ ಮಾತಾಯಿತು. ಈಗ ಒಳಗಿನ ಮಾತಿಗೆ ಬರೋಣ. ಹನ್ನೆರಡನೆಯ ಶತಮಾನದ ಶರಣರಿಗಿಂತ ಚೆನ್ನಾಗಿ ಹೆಸರು ಬೆರೆಸಿದವರು ಯಾರಿದ್ದಾರೆ? ಬಸವಣ್ಣನವರ ಅಂಕಿತ ಕೂಡಲಸಂಗಮದೇವ ಎಂಬುದು ನಿಮಗೆಲ್ಲ ಗೊತ್ತು. ಕೃಷ್ಣೆ ಮಲಪ್ರಭೆಯರು ಕೂಡುವ ಸ್ಥಳದ ದೇವರ ಹೆಸರದು. ಅವರ ಸೋದರಳಿಯ ಚೆನ್ನಬಸವಣ್ಣನವರು ತಮ್ಮ ಅಂಕಿತಕ್ಕೆ ಹೊಸ ದೇವರನ್ನು ಹುಡುಕಲಿಲ್ಲ. ಸೋದರಮಾವನ ಅಂಕಿತದ ನಡುವೆ ತಮ್ಮ ಹೆಸರಿನ 'ಚೆನ್ನ' ಎಂಬ ಎರಡಕ್ಷರ ಇಟ್ಟರು. ಕೂಡಲಚೆನ್ನಸಂಗಮದೇವ ಎಂದಾಯಿತು. ಮಾವನ ಅಂಕಿತವೂ ಉಳಿಯಿತು, ಅಳಿಯನ ಗುರುತೂ ಬಂತು. ಕಿರಿಯರು ಹಿರಿಯರ ಮಡಿಲಲ್ಲಿ ಕುಳಿತಂತೆ!

ಶರಣ ದಂಪತಿಗಳನ್ನು ನೋಡಿರಿ. ಆಯ್ದಕ್ಕಿ ಮಾರಯ್ಯನವರ ಅಂಕಿತ ಅಮರೇಶ್ವರಲಿಂಗ. ಮಡದಿ ಲಕ್ಕಮ್ಮನವರದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಮೋಳಿಗೆಯ ಮಾರಯ್ಯನವರದು ನಿಃಕಳಂಕ ಮಲ್ಲಿಕಾರ್ಜುನ. ಮಡದಿ ಮಹಾದೇವಮ್ಮನವರದು ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ. ಹಡಪದ ಅಪ್ಪಣ್ಣನವರ ಮಡದಿ ಲಿಂಗಮ್ಮನವರದು ಅಪ್ಪಣ್ಣಪ್ರಿಯ ಚೆನ್ನಬಸವಣ್ಣ. ಗಂಡನ ಹೆಸರನ್ನು ದೇವರ ಹೆಸರಿನೊಡನೆ ಬೆರೆಸಿ ಆ ತಾಯಂದಿರು ಮಾತನಾಡಿದರು. ನಮ್ಮ ಹಳ್ಳಿಗಳಲ್ಲಿ ಗಂಡನ ಹೆಸರು ಹೇಳಲು ನಾಚುವ ಹೆಣ್ಣುಮಕ್ಕಳು ಇದನ್ನು ನೆನೆಯಬೇಕು.

ಹೆಸರು ಬೆರೆಸಿದರೆಂದು ತಾವು ಕರಗಿಹೋದರೇ? ಇಲ್ಲ. ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮ್ಮದಲ್ಲ, ತಿರುಗಿ ಅಲ್ಲಿಯೇ ಸುರಿದು ಬನ್ನಿ ಎಂದು ಹೇಳಿದವರು ಲಕ್ಕಮ್ಮನವರು. ಹೆಸರಿನಲ್ಲಿ ಕೂಡಿದ್ದರು, ಆದರೆ ಬುದ್ಧಿ ಹೇಳುವ ಬಾಯಿ ಮುಚ್ಚಿರಲಿಲ್ಲ. ಮಾರಯ್ಯನವರೂ ಸಿಟ್ಟಾಗಲಿಲ್ಲ, ಅಕ್ಕಿಯನ್ನು ತಿರುಗಿ ಕೊಂಡೊಯ್ದರು. ಬೆರೆಯುವುದೆಂದರೆ ಇದು. ಒಬ್ಬರು ಇನ್ನೊಬ್ಬರನ್ನು ನುಂಗುವುದಲ್ಲ, ಇಬ್ಬರೂ ಕೂಡಿ ದೊಡ್ಡವರಾಗುವುದು.

ಈಗ ಎಳೆಯ ತಂದೆತಾಯಿಗಳಿಗೆ ಒಂದು ಮಾತು. 'ನಮ್ಮ ಕೂಸಿನ ಹೆಸರು ಜಗತ್ತಿನಲ್ಲಿ ಯಾರಿಗೂ ಇರಬಾರದು' ಎನ್ನುತ್ತೀರಿ. ಏಕೆ? ಯಾರಿಗೂ ಇಲ್ಲದ ಹೆಸರಿಟ್ಟರೆ ಯಾರಲ್ಲಿಯೂ ಇಲ್ಲದ ಗುಣ ಬಂದೀತೇ? ಶರಣರ ಹೆಸರುಗಳನ್ನು ನೋಡಿರಿ. ಮಾರಯ್ಯ, ಮಾಚಯ್ಯ, ಚೌಡಯ್ಯ, ಕಕ್ಕಯ್ಯ, ಕಾಳವ್ವೆ. ಓಣಿಗೊಬ್ಬರಿಗೆ ಇರುವಂಥ ಹೆಸರುಗಳು. ಮಾರಯ್ಯ ಎಂಬ ಹೆಸರಿನ ಶರಣರೇ ಎಷ್ಟು ಜನ! ಅವರನ್ನು ಬೇರೆ ಬೇರೆ ಗುರುತಿಸಿದ್ದು ಹೇಗೆ? ಕಾಯಕದಿಂದ. ಅಕ್ಕಿ ಆಯುವವ ಆಯ್ದಕ್ಕಿ ಮಾರಯ್ಯ, ಕಟ್ಟಿಗೆಯ ಹೊರೆ ಮಾರುವವ ಮೋಳಿಗೆಯ ಮಾರಯ್ಯ. ಜನ ಕೀಳೆಂದು ಕಂಡ ಕೆಲಸವನ್ನು ಅವರು ಬಚ್ಚಿಡಲಿಲ್ಲ, ಹೆಸರಿಗೆ ಮೊದಲು ಇಟ್ಟುಕೊಂಡರು. ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ. ದೋಣಿ ನಡೆಸುವ ಚೌಡಯ್ಯನವರು ಅಂಕಿತಕ್ಕೂ ಅಂಬಿಗರ ಚೌಡಯ್ಯ ಎಂದೇ ಬರೆದರು. ತಂದೆತಾಯಿ ಇಟ್ಟ ಅರ್ಧ ಹೆಸರಿಗೆ ತಾವು ದುಡಿದು ಉಳಿದರ್ಧ ಸೇರಿಸಿದರು. ನಿಮ್ಮ ಕೂಸಿಗೂ ಆ ಅರ್ಧವನ್ನು ಬಿಟ್ಟುಕೊಡಿರಿ. ಎಲ್ಲವನ್ನೂ ತೊಟ್ಟಿಲಲ್ಲಿಯೇ ಮುಗಿಸಬೇಡಿರಿ.

ಹಾಗೆಂದು ಹಳೆಯ ಹೆಸರೆಲ್ಲ ಒಳ್ಳೆಯವೆಂದೂ ನಾವು ಹೇಳುವುದಿಲ್ಲ. ಹಳ್ಳಿಗಳಲ್ಲಿ ಸಾಕವ್ವ ಎಂಬ ಹೆಸರು ಕೇಳಿದ್ದೀರಿ. ಸಾಕಿದವಳು ಎಂದು ಇಟ್ಟ ಮನೆಗಳೂ ಉಂಟು. ಆದರೆ ಮೂರೋ ನಾಲ್ಕೋ ಹೆಣ್ಣು ಹುಟ್ಟಿದ ಮೇಲೆ, ಇನ್ನು ಹೆಣ್ಣು ಸಾಕಪ್ಪಾ ಎಂದು ಇಟ್ಟ ಮನೆಗಳೂ ಉಂಟು. ಮಹಾರಾಷ್ಟ್ರದಲ್ಲಿ ನಕುಸಾ ಎಂದು ಹೆಣ್ಣುಮಕ್ಕಳಿಗೆ ಇಡುತ್ತಿದ್ದರು. ಬೇಡವಾದವಳು ಎಂದು ಅದರ ಅರ್ಥ. 2011ರ ಅಕ್ಟೋಬರ್ ತಿಂಗಳಲ್ಲಿ ಸಾತಾರಾ ಜಿಲ್ಲೆಯಲ್ಲಿ ಇಂಥ 280ಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಕೂಡಿಸಿ, ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟರು. ವಿಚಾರ ಮಾಡಿರಿ. ನೀರು ತಾ ಎಂದು ಕರೆಯುವಾಗಲೂ, ಊಟಕ್ಕೆ ಬಾ ಎಂದು ಕರೆಯುವಾಗಲೂ, 'ಬೇಡವಾದವಳೇ' ಎಂದು ಕರೆಸಿಕೊಂಡು ಆ ಮಕ್ಕಳು ಬೆಳೆದಿದ್ದರು. ಹೆತ್ತವರೇ ಹೀಗೆ ಕರೆದರೆ ಆ ಜೀವ ಯಾರನ್ನು ನಂಬಬೇಕು?

ಆದುದರಿಂದ ಹಿರಿಯರೇ, ಎರಡು ಹೆಸರು ಬೆರೆಸಿದ ಅರ್ಥವಿಲ್ಲದ ಹೆಸರೆಂದು ಹೀಯಾಳಿಸುವ ಮೊದಲು ಇದನ್ನು ನೆನೆಯಿರಿ. ಅರ್ಥವಿದ್ದೂ ಪ್ರೀತಿಯಿಲ್ಲದ ಹೆಸರಿಗಿಂತ, ಅರ್ಥ ಕಾಣದಿದ್ದರೂ ಪ್ರೀತಿಯಿಂದ ಕಟ್ಟಿದ ಹೆಸರು ಲೇಸು. ಅರ್ಥವನ್ನು ಮಗು ತನ್ನ ನಡೆಯಿಂದ ತುಂಬಿಕೊಳ್ಳುತ್ತದೆ. ಪ್ರೀತಿಯನ್ನು ಅದು ಎಲ್ಲಿಂದ ತಂದೀತು? ಹೆಸರು ಒಪ್ಪಿಗೆಯಾಗಲಿಲ್ಲವೆಂದು ತೊಟ್ಟಿಲ ಕಾರ್ಯಕ್ಕೆ ಬಾರದೆ ಮುನಿಸಿಕೊಳ್ಳುವ ಬೀಗರಿದ್ದಾರೆ. ಅಜ್ಜನ ಹೆಸರು ಇಡಲಿಲ್ಲವೆಂದು ಮೊಮ್ಮಗನ ಮುಖ ನೋಡದ ಅಜ್ಜನಿದ್ದಾನೆ. ಅಯ್ಯಾ, ಹೆಸರು ಉಳಿಯಲಿಲ್ಲವೆಂದು ವಂಶದ ಕುಡಿಯನ್ನೇ ದೂರ ಮಾಡಿದರೆ ಉಳಿದದ್ದೇನು? ಎಳೆಯರೇ, ನೀವೂ ಸ್ವಲ್ಪ ಬಾಗಿರಿ. ಇಬ್ಬರ ಹೆಸರು ಬೆರೆಸುವ ನಿಮಗೆ ಅಜ್ಜಿಯ ಹೆಸರಿನ ಎರಡಕ್ಷರ ಭಾರವಾದೀತೇ? ಕರೆಯುವ ಹೆಸರೊಂದು ಇರಲಿ, ಜೋಗುಳದಲ್ಲಿ ಹಾಡಲು ಹಿರಿಯರ ಹೆಸರೊಂದು ಇರಲಿ.

ಕೊನೆಗೆ ಒಂದು ಮಾತು. ಇದೇ ಎಲ್ಲಕ್ಕಿಂತ ಭಾರವಾದ ಮಾತು. ಮದುವೆಯಾದ ಹೊಸತು, ಇಬ್ಬರೂ ಕೂಡಿ ಹೆಸರು ಬೆರೆಸುತ್ತೀರಿ. ಐದು ವರ್ಷದ ಮೇಲೆ ಮಾತಿಗೆ ಮಾತು ಬೆಳೆಯುತ್ತದೆ. ಅವಳು ತವರಿಗೆ ಹೋಗುತ್ತಾಳೆ, ಇವನು ಕರೆಯಲು ಹೋಗುವುದಿಲ್ಲ. ನಡುವೆ ಆ ಮಗು ನಿಂತಿರುತ್ತದೆ. ಅದರ ಹೆಸರಿನಲ್ಲಿ ನೀವಿಬ್ಬರೂ ಒಂದಾಗಿದ್ದೀರಿ, ಮನೆಯಲ್ಲಿ ಬೇರೆಯಾಗಿದ್ದೀರಿ. ಯಾರಾದರೂ 'ನಿನ್ನ ಹೆಸರೇನು ಕಂದಾ, ಅದರ ಅರ್ಥವೇನು?' ಎಂದು ಕೇಳಿದರೆ ಅದು ಏನು ಹೇಳಬೇಕು? 'ಇದರಲ್ಲಿ ಅರ್ಧ ಅಪ್ಪ, ಅರ್ಧ ಅವ್ವ' ಎನ್ನುವಾಗ ಅದರ ಗಂಟಲು ಕಟ್ಟಬಾರದು. ಶಿವಪ್ಪ, ಬಸಪ್ಪ ಎಂದು ಹೆಸರಿಟ್ಟವರು ದೇವರ ಮೇಲೆ ಭಾರ ಹಾಕಿದರು. ನೀವು ನಿಮ್ಮಿಬ್ಬರ ಹೆಸರಿಟ್ಟು ನಿಮ್ಮ ಮೇಲೆಯೇ ಭಾರ ಹೊತ್ತುಕೊಂಡಿದ್ದೀರಿ. ಅದು ಬರಿಯ ಹೆಸರಲ್ಲ, ಕೂಸಿಗೆ ಕೊಟ್ಟ ಮಾತು. ತುಂಗೆ ಭದ್ರೆಯರು ಕೂಡಲಿಯಲ್ಲಿ ಕೂಡಿದ ಮೇಲೆ ತಿರುಗಿ ಅಗಲಲಿಲ್ಲ. ಅದಕ್ಕೆಂದೇ ಆ ಹೆಸರು ನಿಂತಿತು, ಆ ನೀರಿನಿಂದ ನಾಡು ಬೆಳೆಯಿತು.

ಹೆಸರು ಬೆರೆಸುವವರೇ, ಮೊದಲು ಮನ ಬೆರೆಸಿರಿ. ಮನ ಬೆರೆತ ಮನೆಯಲ್ಲಿ ಕೂಸಿಗೆ ಯಾವ ಹೆಸರಿಟ್ಟರೂ ಅದು ಒಪ್ಪುತ್ತದೆ. ನಿಮ್ಮ ತೊಟ್ಟಿಲುಗಳು ತುಂಬಿರಲಿ, ನಿಮ್ಮ ಮಕ್ಕಳು ಇಟ್ಟ ಹೆಸರನ್ನು ಬೆಳಗಲಿ ಎಂದು ಹಾರೈಸಿ ಈ ಹೊತ್ತಿನ ಮಾತನ್ನು ಮುಗಿಸುತ್ತೇವೆ.